ಮಗು ಸಿಹಿ ಬೇಡವೆಂದರೆ ಬಲವಂತ ಮಾಡಬೇಡಿ

ಸಂಪಾದಕರೇ,

ನನ್ನ ಮಗಳು ಆರು ತಿಂಗಳವರೆಗೆ ಎದೆಹಾಲು ಕುಡಿದು ಚೆನ್ನಾಗಿಯೇ ಇದ್ದಳು. ಆಮೇಲೆ ಏಲಕ್ಕಿ ಬಾಳೆಹಣ್ಣು ಕಿವುಚಿ ತಿನ್ನಿಸತೊಡಗಿದೆ. ತಿಂದ ಸ್ವಲ್ಪ ಹೊತ್ತಿಗೆ ವಾಂತಿ, ತಣ್ಣನೆ ಬೆವರು, ಕೈಕಾಲು ನಡುಕ. ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದೂ ಆಯಿತು. ಯಾರೋ ಬರೆದುಕೊಟ್ಟ ಸಿಹಿ ಸಿರಪ್ ಕುಡಿಸಿದ ಮೇಲೆ ಇನ್ನೂ ಜಾಸ್ತಿಯಾಯಿತು. ಕೊನೆಗೆ ಹಾಸನದಿಂದ ಬೆಂಗಳೂರಿಗೆ ಹೋಗಿ ಜೀನ್ ಪರೀಕ್ಷೆ ಮಾಡಿಸಿದಾಗಲೇ ಕಾರಣ ತಿಳಿದದ್ದು.

ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಅರಗಿಸಲು ಲಿವರ್‌ಗೆ ಆಲ್ಡೊಲೇಸ್ ಬಿ ಎಂಬ ಕಿಣ್ವ ಬೇಕು. ಇವಳಿಗೆ ಹುಟ್ಟಿನಿಂದಲೇ ಅದರ ಕೊರತೆ. ಅಪ್ಪ, ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಹೀಗಾಗುತ್ತದೆ. ನಮಗಿಬ್ಬರಿಗೆ ಯಾವ ತೊಂದರೆಯೂ ಇಲ್ಲ, ಹಾಗಾಗಿ ಸುಳಿವೇ ಸಿಗಲಿಲ್ಲ. ಹಣ್ಣು ಮಾತ್ರವಲ್ಲ, ಸಕ್ಕರೆ, ಬೆಲ್ಲ, ಜೇನು ಯಾವುದೂ ಆಗದು. ಎಷ್ಟೋ ಸಿರಪ್‌ಗಳಲ್ಲಿರುವ ಸಾರ್ಬಿಟಾಲ್ ಕೂಡ ಮೈಯೊಳಗೆ ಫ್ರಕ್ಟೋಸ್ ಆಗುತ್ತದೆ. ಗೊತ್ತಿಲ್ಲದೆ ಕೊಡುತ್ತಲೇ ಇದ್ದರೆ ಲಿವರ್, ಕಿಡ್ನಿ ಹಾಳಾಗಿ ಜೀವಕ್ಕೇ ಕುತ್ತು. ಪೂರ್ತಿ ಬಿಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ.

ಈಗ ಅವಳಿಗೆ ನಾಲ್ಕು ವರ್ಷ. ಅನ್ನ, ಮಜ್ಜಿಗೆ, ಮೊಟ್ಟೆ ತಿಂದು ಚೂಟಿಯಾಗಿದ್ದಾಳೆ. ಒಂದೂ ಹುಳುಕು ಹಲ್ಲಿಲ್ಲ. ದೇವಸ್ಥಾನದಲ್ಲಿ ಪಂಚಾಮೃತ ಕೊಡಲು ಬಂದರೆ ತಾನೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಮದುವೆಮನೆಯಲ್ಲಿ "ಸುಮ್ನೆ ಒಂದು ಚೂರು ಹೋಳಿಗೆ ತಿನ್ನಲಿ ಬಿಡಮ್ಮ" ಎಂದು ಯಾರಾದರೂ ಬಾಯಿಗಿಡಲು ಬಂದಾಗ ನನ್ನ ಎದೆ ಝಲ್ಲೆನ್ನುತ್ತದೆ.

ಹಣ್ಣು, ಸಿಹಿ ಶುರು ಮಾಡಿದ ಮೇಲೆ ಮಗು ಪದೇಪದೇ ವಾಂತಿ ಮಾಡಿದರೆ ತಕ್ಷಣ ಅದನ್ನು ನಿಲ್ಲಿಸಿ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ನಮ್ಮ ಜಿಲ್ಲೆಯ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಆರೋಗ್ಯ ಇಲಾಖೆ ಇಷ್ಟನ್ನಾದರೂ ತಿಳಿಸಿಕೊಡಲಿ.

ಒಬ್ಬ ತಾಯಿ, ಹಾಸನ