ಟಾಪರ್‌ಗಳ ಫೋಟೋ ಜೊತೆ ಕಟ್‌ಆಫ್ ಪಟ್ಟಿಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶದ ಮರುದಿನ ನಿಮ್ಮ ಜಿಲ್ಲಾ ಪುಟದ ತುಂಬ ಪೇಢೆ ತಿನ್ನುವ ಮಕ್ಕಳ ಫೋಟೋ ಇರುತ್ತವೆ. ಕೆಳಗೆ ಅದೇ ಮಕ್ಕಳ ಮುಖ ಹಾಕಿಕೊಂಡು ಕೋಚಿಂಗ್‌ನವರ ಅರ್ಧ ಪುಟ ಜಾಹೀರಾತು. ಇರಲಿ, ಕಷ್ಟಪಟ್ಟು ಓದಿದ ಮಕ್ಕಳು ಮೆರೆಯಲಿ. ಆದರೆ ಆವತ್ತಿನಿಂದ ಒಂದೆರಡು ತಿಂಗಳು ನನ್ನ ಅಂಗಡಿಗೆ ಬರುವವರೇ ಬೇರೆ. ಅವರ ಸಲುವಾಗಿ ಈ ಪತ್ರ.

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಜೊತೆಗೆ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆಯ ಕೆಲಸ. 720ಕ್ಕೆ ಮುನ್ನೂರು, ಮುನ್ನೂರೈವತ್ತು ಬಂದ ಮಕ್ಕಳು ಅಪ್ಪನ ಹಿಂದೆ ತಲೆ ತಗ್ಗಿಸಿ ನಿಂತಿರುತ್ತಾರೆ. ಅಪ್ಪ ಮೊಬೈಲ್‌ನಲ್ಲಿ ಸ್ಕೋರ್ ಕಾರ್ಡ್ ತೋರಿಸಿ ಕೇಳುವುದು ಒಂದೇ ಪ್ರಶ್ನೆ: ‘ಅಣ್ಣಾರ, ಇಷ್ಟ ಮಾರ್ಕ್ಸಿಗೆ ಎಲ್ಯಾರ ಸೀಟ ಸಿಗ್ತೈತೇನ್ರಿ?’

ಬರೀ ಅಂಕ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ಫಿಜಿಕ್ಸ್ ಎಲ್ಲರಿಗೂ ಕೈಕೊಟ್ಟಿತು, ಇಡೀ ದೇಶಕ್ಕೆ ಮೊದಲು ಬಂದವರದ್ದೇ 686. ಬೀಗರ ಮಗ ಹೋದ ವರ್ಷ ಇಷ್ಟು ತಗೊಂಡಿದ್ದ, ಅವನಿಗೇ ಸಿಗಲಿಲ್ಲ ಎಂದು ಮನೆಯಲ್ಲಿ ಕೈಚೆಲ್ಲಿ ಕೂತವರಿಗೆ ನಾನು ಹೇಳುವುದು, ಅಂಕ ಬಿಡ್ರಿ, ರ‍್ಯಾಂಕ್ ತೋರಿಸ್ರಿ ಎಂದು.

ರ‍್ಯಾಂಕ್ ಇಟ್ಟುಕೊಂಡು ನೋಡಬೇಕಾದ ಪಟ್ಟಿ ಕೆಇಎ ಜಾಲತಾಣದಲ್ಲೇ ಇದೆ. ಯಾವ ಕಾಲೇಜಿನಲ್ಲಿ ಯಾವ ವರ್ಗದ ಸೀಟು ಯಾವ ರ‍್ಯಾಂಕಿಗೆ ನಿಂತಿತು ಎಂಬುದು ಸುತ್ತುವಾರು ಸಿಗುತ್ತದೆ. ಆದರೆ ಅದನ್ನು ಮೊಬೈಲ್‌ನಲ್ಲಿ ತೆರೆದು ನೋಡಿ. ಇರುವೆ ಸಾಲಿನಂತೆ ಅಂಕಿ, ಮೇಲೆ 2ಎಜಿ, 2ಎಕೆ, 2ಎಆರ್, ಜಿಎಂಕೆ, ಜಿಎಂಆರ್ ಎಂಬ ತಲೆಬರಹ. ಮೊದಲಿನ ‘ಜಿಎಂ’ ಎಂದರೆ ಸಾಮಾನ್ಯ ವರ್ಗ, ಕೊನೆಯ ‘ಆರ್’ ಗ್ರಾಮೀಣ, ‘ಕೆ’ ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟು. ನಮ್ಮ ತಾಲ್ಲೂಕಿನ ಎಷ್ಟೋ ಮಕ್ಕಳು ಎರಡಕ್ಕೂ ಅರ್ಹರು. ಗೊತ್ತಿರುವವರು ಮಾತ್ರ ಕಡಿಮೆ.

ಹತ್ತಿರದ ಹಳ್ಳಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅಪ್ಪ ಬೀಜದ ಕಂಪನಿಗೆ ಹತ್ತಿ ಬೀಜ ಮಾಡಿಕೊಡುವವರು, ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಸೀಸನ್‌ನಲ್ಲಿ ಮಗಳೂ ಬೆಳಗ್ಗೆ ಹೊಲದಲ್ಲಿದ್ದು ಆಮೇಲೆ ಕಾಲೇಜಿಗೆ ಹೋದವಳು. ಊರ ಸರ್ಕಾರಿ ಶಾಲೆಯಲ್ಲಿ ಹತ್ತರವರೆಗೂ ಕನ್ನಡದಲ್ಲೇ ಓದಿದ್ದಾಳೆ. ಅವಳ ಅರ್ಜಿ ತೆರೆದರೆ ಗ್ರಾಮೀಣ ಕಾಲಂನಲ್ಲಿ ‘ಇಲ್ಲ’, ಕನ್ನಡ ಮಾಧ್ಯಮದಲ್ಲೂ ‘ಇಲ್ಲ’. ಸಿಇಟಿ ಅರ್ಜಿ ಹಾಕುವಾಗ ಯಾರೋ ಅವಸರದಲ್ಲಿ ಒತ್ತಿದ್ದು, ನೀಟ್ ಕೌನ್ಸೆಲಿಂಗ್‌ಗೂ ಅದೇ ಬಂದು ಕೂತಿತ್ತು. ಪುಣ್ಯಕ್ಕೆ ತಿದ್ದುಪಡಿಗೆ ಇನ್ನೂ ಅವಕಾಶವಿತ್ತು. ಹೆಡ್‌ಮಾಸ್ತರ ದೃಢೀಕರಣ, ಬಿಇಒ ಸಹಿ ಎಂದು ಅಪ್ಪ ಓಡಾಡಿ ತಂದರು. ಎಂಬಿಬಿಎಸ್ ಅಂತೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲಿ ಬಿಎಎಂಎಸ್ (ಆಯುರ್ವೇದ) ಸಿಕ್ಕಿತು, ಸೇರಿದಳು. ಆ ಎರಡು ಕಾಲಂ ಹಾಗೇ ಉಳಿದಿದ್ದರೆ ಅದೂ ಇರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಗದಗದಲ್ಲಿ 2015ರಲ್ಲಿ ಜಿಮ್ಸ್ ಬಂತು, ಈಚೆಗೆ ಹಾವೇರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಆಯಿತು. ಹಾವೇರಿ ಕಾಲೇಜಿನಲ್ಲಿ ಹಾವೇರಿಯವರಿಗೆ ಒಂದಷ್ಟು ಸೀಟು ಎತ್ತಿಟ್ಟಿರುತ್ತಾರೆ ಎಂದೇ ಜನ ನಂಬಿದ್ದಾರೆ. ಜಿಲ್ಲೆಗೆಂದು ಮೀಸಲು ಏನೂ ಇಲ್ಲ, ರಾಜ್ಯದ ಕೋಟಾಕ್ಕೆ ಬೇರೆ ಜಿಲ್ಲೆಗಳವರ ಜೊತೆಗೇ ಸಾಲಿನಲ್ಲಿ ನಿಲ್ಲಬೇಕು. ಗದಗ ದಾಟಿ ಕೊಪ್ಪಳಕ್ಕೆ ಹೋದರೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371(ಜೆ) ವಿಧಿಯ ಪ್ರಕಾರ ಅಲ್ಲಿನ ಕಾಲೇಜಿನಲ್ಲಿ ನೂರಕ್ಕೆ 70 ಆ ಭಾಗದ ಮಕ್ಕಳಿಗೇ. ಅವರಿಗೆ ಸಿಕ್ಕಿದ್ದು ನ್ಯಾಯವೇ. ನಮ್ಮವರು ಮಾತ್ರ ಇಲ್ಲದ ಕೋಟಾ ನಂಬಿಕೊಂಡು ನಾಲ್ಕೇ ಆಪ್ಷನ್ (ಬೇಕಾದ ಕಾಲೇಜಿನ ಹೆಸರು) ಹಾಕಿ ಎದ್ದು ಹೋಗುತ್ತಾರೆ. ಸಿಗದ ಕಾಲೇಜನ್ನು ಪಟ್ಟಿಯ ಮೇಲೆ ಹಾಕಿದರೆ ಕೆಳಗಿನದ್ದೇನೂ ತಪ್ಪುವುದಿಲ್ಲ, ಆದ್ದರಿಂದ ಉದ್ದ ಪಟ್ಟಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಸೀಟಿನ ನಮೂನೆಗೆ. ಒಂದೇ ಖಾಸಗಿ ಕಾಲೇಜಿನ ‘ಜಿ’ ಸೀಟು ಸರ್ಕಾರಿ ಕೋಟಾದ್ದು, ಖಾಸಗಿ ಕೋಟಾದ ‘ಪಿ’ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ. ಪಕ್ಕದಲ್ಲೇ ಶುಲ್ಕ ಬರೆದಿರುತ್ತದೆ, ಕಾಲೇಜಿನ ಹೆಸರು ನೋಡಿದ ಖುಷಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಈ ಗೊಂದಲದ ನಡುವೆ ಫೋನ್ ಶುರುವಾಗುತ್ತವೆ. ಫಲಿತಾಂಶ ಬಂದು ಎರಡು ದಿನವಾಗಿರುವುದಿಲ್ಲ, ಅಪ್ಪನ ನಂಬರ್ ಏಜೆಂಟರಿಗೆ ಹೇಗೆ ಸಿಗುತ್ತದೋ ದೇವರೇ ಬಲ್ಲ. ‘ನಿಮ್ಮ ಮಗಳು ಕ್ವಾಲಿಫೈ ಆಗಿದ್ದಾಳೆ ಸರ್’ ಎನ್ನುತ್ತಾರೆ. ಸುಳ್ಳಲ್ಲ. 2025ರಲ್ಲಿ ಸಾಮಾನ್ಯ ವರ್ಗಕ್ಕೆ 144, ಹಿಂದುಳಿದ ವರ್ಗ ಮತ್ತು ಎಸ್‌ಸಿ, ಎಸ್‌ಟಿಗೆ 113 ಬಂದರೆ ಅರ್ಹರು. ಅಷ್ಟಕ್ಕೆ ಇಲ್ಲಿ ಸರ್ಕಾರಿ ಸೀಟು ಕನಸಿನ ಮಾತು, ಹೊರದೇಶದ ದಾರಿಯಂತೂ ತೆರೆಯುತ್ತದೆ. ಜಾರ್ಜಿಯಾ, ಕಿರ್ಗಿಸ್ತಾನ್ ಎಂದು ಬಣ್ಣದ ಬ್ರೋಷರ್ ವಾಟ್ಸಾಪ್‌ಗೆ ಬರುತ್ತದೆ. ಓದಿ ಬಂದ ಮೇಲೆ ಇಲ್ಲಿ ಎಫ್‌ಎಂಜಿಇ (ಹೊರದೇಶದಲ್ಲಿ ಓದಿದ ವೈದ್ಯರಿಗಿರುವ ಪರೀಕ್ಷೆ) ಪಾಸಾಗಬೇಕು, 300ಕ್ಕೆ 150 ತೆಗೆಯಬೇಕು, ಅಲ್ಲಿ ಮಾಡಿದ್ದು ಸಾಲದೆಂದು ಇಲ್ಲೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಹೋಗಲೇಬೇಡಿ ಎನ್ನಲು ನಾನ್ಯಾರು? ಆದರೆ ಚಳಗೇರಿ ನಮ್ಮ ತಾಲ್ಲೂಕಿನ ಊರು. ಪಿಯುಸಿಯಲ್ಲಿ ನೂರಕ್ಕೆ 97 ತೆಗೆದರೂ ಇಲ್ಲಿ ಸೀಟು ಸಿಗದೆ ಉಕ್ರೇನ್‌ಗೆ ಹೋದ ನವೀನ್ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಆ ಊರಿನವರು ಇವತ್ತಿಗೂ ನನ್ನ ಅಂಗಡಿಗೆ ಬರುತ್ತಾರೆ.

ಮತ್ತೆ ನೀಟ್ ಬರೆಯಲು ವರ್ಷದ ಕೋಚಿಂಗ್, ಅಂದರೆ ಲಾಂಗ್ ಟರ್ಮ್‌ಗೆ ಹಾಕಲೋ ಎಂದೂ ಅಪ್ಪಂದಿರು ಕೇಳುತ್ತಾರೆ. ಒಂದು ವರ್ಷ ಧಾರವಾಡದಲ್ಲಿಟ್ಟು ಓದಿಸುವ ಶಕ್ತಿಯಿದ್ದು, ಮಗುವಿಗೂ ಮನಸ್ಸಿದ್ದರೆ ಸರಿ, ನೀಟ್‌ಗೆ ಇಷ್ಟೇ ಸಲ ಎಂಬ ಮಿತಿಯಿಲ್ಲ. ಅಪ್ಪನ ಹಟಕ್ಕೆ ಮೂರನೇ ಸಲ ಕೂತ ಮಕ್ಕಳ ಮುಖ ನೋಡಲಾಗದು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಪಕ್ಕದ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜಿದೆ. ಅವಕ್ಕೆ ಸಿಇಟಿ ಸಾಕು, ರೈತರ ಮಕ್ಕಳಿಗೆ ಬೇರೆ ಕೋಟಾ, ಪ್ರಾಯೋಗಿಕ ಪರೀಕ್ಷೆಯೂ ಉಂಟು. ಆದರೆ ಅದನ್ನೂ ಅರ್ಜಿಯಲ್ಲಿ ಮೊದಲೇ ಕೇಳಿರಬೇಕು. ನೀಟ್ ಕೈಕೊಟ್ಟ ಮೇಲೆ ನೆನಪಾದರೆ ಬಾಗಿಲು ಹಾಕಿರುತ್ತದೆ.

ನನ್ನ ಬೇಡಿಕೆ ಸಣ್ಣದು. ಆಪ್ಷನ್ ಎಂಟ್ರಿ ಶುರುವಾಗುವ ಮುಂಚಿನ ಭಾನುವಾರ ಹುಬ್ಬಳ್ಳಿ ಕಿಮ್ಸ್ (ಹೆಸರು ಬದಲಾಗಿದೆಯಂತೆ, ನಮ್ಮ ಬಾಯಲ್ಲಿ ಕಿಮ್ಸೇ), ಗದಗ, ಹಾವೇರಿ ಕಾಲೇಜುಗಳ ಹಿಂದಿನ ವರ್ಷದ ಕೊನೆಯ ಸುತ್ತಿನ ರ‍್ಯಾಂಕುಗಳನ್ನು ವರ್ಗವಾರು, ಓದಲು ಬರುವ ಅಕ್ಷರದಲ್ಲಿ ಅರ್ಧ ಪುಟ ಹಾಕಿ. ‘ಆರ್’, ‘ಕೆ’ ಎಂದರೆ ಏನೆಂದು ಎರಡು ಸಾಲು ಸೇರಿಸಿ. ಪಿಯು ಇಲಾಖೆಯೂ ಮನಸ್ಸು ಮಾಡಿ ಪ್ರತಿ ತಾಲ್ಲೂಕಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರನ್ನು ಕಂಪ್ಯೂಟರ್ ಮುಂದೆ ಕೂರಿಸಲಿ. ಅದರಿಂದ ನನ್ನ ವ್ಯಾಪಾರ ತುಸು ಕಡಿಮೆಯಾದೀತು, ಆಗಲಿ. ಜುಲೈನಲ್ಲಿ ಬೆಳೆ ವಿಮೆ ಅರ್ಜಿಗಳ ಸಾಲೇ ರಸ್ತೆಗೆ ಬಂದಿರುತ್ತದೆ.

ಇಂತಿ,
ಕಂಪ್ಯೂಟರ್ ಸೆಂಟರ್ ನಡೆಸುವ ಒಬ್ಬ ಓದುಗ
ಮೇಡ್ಲೇರಿ ರಸ್ತೆ, ರಾಣೆಬೆನ್ನೂರು