ಹಲ್ಲುನೋವಿಗೆ ವಾಟ್ಸ್‌ಆ್ಯಪ್ ವೈದ್ಯ

ಮಾನ್ಯರೇ,

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದರ ಸುಮಾರಿಗೆ, ನಮ್ಮ ವಸತಿ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೆರೆಮನೆಯವರೊಬ್ಬರು ದವಡೆ ಹಲ್ಲಿನ ನೋವು ತಡೆಯಲಾಗುತ್ತಿಲ್ಲವೆಂದು ಬರೆದರು. ಅರ್ಧ ಗಂಟೆಯೊಳಗೆ ಲವಂಗದೆಣ್ಣೆ, ಹಸಿ ಬೆಳ್ಳುಳ್ಳಿ, ಸೀಬೆ ಎಲೆಯ ಕಷಾಯದಿಂದ ಹಿಡಿದು, ಮನೆಯಲ್ಲಿ ಮಿಕ್ಕಿರುವ ಆ್ಯಂಟಿಬಯಾಟಿಕ್ ಮಾತ್ರೆ ಕಳಿಸಿಕೊಡುತ್ತೇನೆಂಬ ಔದಾರ್ಯದವರೆಗೆ ಸಲಹೆಗಳು ಹರಿದುಬಂದವು. ಅವರು ಆರಿಸಿಕೊಂಡದ್ದು ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳುವ ಉಪಾಯವನ್ನು. ಬೆಳಿಗ್ಗೆ ಲಿಫ್ಟ್‌ನಲ್ಲಿ ಸಿಕ್ಕಾಗ ಕೆನ್ನೆ ಸರಿಸಿ ತೋರಿಸಿದರು. ಒಸಡು ಸುಣ್ಣ ಬಳಿದಂತೆ ಬೆಳ್ಳಗಾಗಿ ಸಿಪ್ಪೆ ಏಳುತ್ತಿತ್ತು. ಆ ಮಾತ್ರೆ ಆಮ್ಲಗುಣದ್ದು. ನುಂಗಿದರೆ ನೋವು ತಗ್ಗಿಸೀತು, ಒಸಡಿಗೆ ತಾಗಿಸಿಟ್ಟರೆ ಸುಡುತ್ತದೆ.

ಲವಂಗದೆಣ್ಣೆಯನ್ನು ನಾನು ಹಳಿಯುವುದಿಲ್ಲ. ಅದರಲ್ಲಿರುವ ಯೂಜೆನಾಲ್ ದಂತವೈದ್ಯರೂ ಬಳಸುವ ವಸ್ತು. ಆದರೆ ಹುಳುಕು ಒಳಗಿನ ನರವನ್ನು ಮುಟ್ಟಿ ಅದು ಕೆಟ್ಟ ಮೇಲೆ ಎಣ್ಣೆಯಾಗಲಿ, ಬರೀ ಆ್ಯಂಟಿಬಯಾಟಿಕ್ ಆಗಲಿ ಅದನ್ನು ಸರಿಪಡಿಸಲಾರವು. ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಇನ್ನೂ ಮೋಸದ ಸಂಗತಿಯೆಂದರೆ, ನರ ಸತ್ತಾಗ ನೋವು ತಾನಾಗಿಯೇ ನಿಂತುಬಿಡುವುದುಂಟು. ‘ನನಗೆ ಇದರಿಂದಲೇ ವಾಸಿಯಾಯಿತು’ ಎಂದು ಸಾಕ್ಷಿ ಹೇಳುವವರಲ್ಲಿ ಎಷ್ಟು ಮಂದಿಯ ಹಲ್ಲಿನ ಬೇರಿನಡಿ ಸದ್ದಿಲ್ಲದೆ ಕೀವು ಕಟ್ಟುತ್ತಿದೆಯೋ, ಎಕ್ಸ್‌ರೇ ತೆಗೆಸದೆ ತಿಳಿಯದು. ದವಡೆಯ ಕೆಳಗೆ ಊತ ಬಂದು, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರಂತೂ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು.

ಹಾಗೆಂದು ಮೊಬೈಲಿನಲ್ಲಿ ಕೇಳಿದವರನ್ನೇ ದೂರುವುದು ಸರಿಯಲ್ಲ. ಅಪರಾತ್ರಿಯಲ್ಲಿ ಯಾವ ದಂತ ಚಿಕಿತ್ಸಾಲಯ ತೆರೆದಿರುತ್ತದೆಂದು ಯಾರಿಗೂ ಗೊತ್ತಿಲ್ಲ. ಖರ್ಚಿನ ಭಯ ಬೇರೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಅಂಜಿಕೆ ಓದಿದವರಲ್ಲೂ ಉಳಿದಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಕೆ.ಆರ್. ಮಾರುಕಟ್ಟೆಯಿಂದ ನಡೆದುಹೋಗುವಷ್ಟು ದೂರದಲ್ಲಿ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ ಎಂಬುದನ್ನು ನಮ್ಮ ಗುಂಪಿನ ಒಬ್ಬರೂ ಅಂದು ನೆನಪಿಸಲಿಲ್ಲ. ನನಗೂ ಹೊಳೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ರಾತ್ರಿ ವೇಳೆ ಮತ್ತು ಭಾನುವಾರಗಳಲ್ಲಿ ಹಲ್ಲಿನ ತುರ್ತು ಚಿಕಿತ್ಸೆ ದೊರೆಯುವ ಆಸ್ಪತ್ರೆಗಳ ಪಟ್ಟಿಯನ್ನು, ದೂರವಾಣಿ ಸಂಖ್ಯೆಯ ಸಹಿತ, ಆರೋಗ್ಯ ಇಲಾಖೆಯು ಬಡಾವಣೆವಾರು ಪ್ರಕಟಿಸಲಿ. ಗುಂಪುಗಳಲ್ಲಿ ಹಂಚಿಕೊಳ್ಳಲು ಆಸ್ಪಿರಿನ್‌ಗಿಂತ ಅದು ಒಳ್ಳೆಯದು.

– ಓದುಗ, ಹನುಮಂತನಗರ, ಬೆಂಗಳೂರು