ಪೋಷಕರಿಗೆ ಪತ್ರ: ಕತ್ತಿ ಯಾಕೆ ಕೆಂಪಾಗುತ್ತದೆ?

ಪೋಷಕರೆ, ನಮಸ್ಕಾರ.

"ಶಾಲೆಯಲ್ಲಿ ಈಗ ಟೀಚರ್ ಪಾಠ ಮಾಡೋದೇ ಇಲ್ವಂತೆ, ಮಕ್ಕಳೇ ಓದ್ಕೋಬೇಕಂತೆ." ಕಳೆದ ಸಭೆಯಲ್ಲಿ ಒಬ್ಬರು ಹೀಗೆ ಕೇಳಿದರು. ಅವತ್ತು ಸುಮ್ನೆ ನಕ್ಕು ಬಿಟ್ಟೆ. ಉತ್ತರ ಕೊಡಬೇಕಿತ್ತು, ಈಗ ಕೊಡುತ್ತಿದ್ದೇನೆ.

ಜೂನ್ ಕೊನೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ತಂದಳು. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರದಂತೆ ತೋಟಕ್ಕೆ ಹೊಡೆಯುವ ಮದ್ದು ಕಲಸುವಾಗ ಅಜ್ಜ ಅದರಲ್ಲಿ ಕತ್ತಿ ಅದ್ದಿ ನೋಡುತ್ತಾರೆ, ಯಾಕೆ? ಉತ್ತರ ನನ್ನ ಬಾಯಿಯ ತುದಿಯಲ್ಲೇ ಇತ್ತು. ತಡೆದುಕೊಂಡೆ. ಇಪ್ಪತ್ತು ವರ್ಷದ ಅಭ್ಯಾಸ, ಸುಲಭವಲ್ಲ ನೋಡಿ!

ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆವು. ಮಕ್ಕಳು ಮನೆ ಮನೆ ಕೇಳಿಕೊಂಡು ಬಂದರು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶೇಕಡಾ ಲೆಕ್ಕ ಅಲ್ಲೇ ಬಂತು, ನಾನು ಕಲಿಸಲಿಲ್ಲ. ಮೈಲುತುತ್ತು ವಿಷ, ಹಾಗಾಗಿ ಕರಗಿಸಿದ್ದು ಮಾತ್ರ ನಾವೇ. ಕತ್ತಿಯ ಬದಲು ಮಕ್ಕಳು ಅದರಲ್ಲಿ ಕಬ್ಬಿಣದ ಮೊಳೆ ಹಾಕಿದರು, ಕೆಂಪಾಯಿತು. "ತುಕ್ಕು" ಎಂದಿತು ಒಂದು ಗುಂಪು. ತಪ್ಪು. ಆದರೂ ಎರಡು ದಿನ ಆ ತಪ್ಪನ್ನು ಹಾಗೇ ಬಿಟ್ಟೆವು. ಕೊನೆಗೆ ಅವರೇ ತುಕ್ಕು ಹಿಡಿದ ಹಳೆ ಮೊಳೆ ತಂದು ಪಕ್ಕಕ್ಕಿಟ್ಟು ನೋಡಿದರು. ಬಣ್ಣವೇ ಬೇರೆ. ನೀರಿನಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂತಿದೆ ಎಂದು ಗ್ರಂಥಾಲಯದ ಪುಸ್ತಕ ನೋಡಿ ಗೊತ್ತುಮಾಡಿಕೊಂಡರು. ಸುಣ್ಣ ಸಾಕಷ್ಟು ಸೇರಿದ ಮೇಲೆ ಮೊಳೆ ಕೆಂಪಾಗಲಿಲ್ಲ. ಅಜ್ಜ ನೋಡುತ್ತಿದ್ದದ್ದು ಇದನ್ನೇ. ಸುಣ್ಣ ಕಡಿಮೆಯಾದರೆ ಮದ್ದು ಅಡಿಕೆ ಗೊನೆಯನ್ನೇ ಸುಡುತ್ತದಲ್ವಾ?

ಇದಕ್ಕೆ ಎಂಟು ದಿನ ಹಿಡಿಯಿತು. ನಾನು ಹೇಳಿದ್ದರೆ ಎರಡು ನಿಮಿಷ. ಪಾಠ ಒಂದು ವಾರ ಹಿಂದೆ ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. ಮಗ್ಗಿ, ಕಾಗುಣಿತ, ಓದು ಇವನ್ನು ಈಗಲೂ ನಾವೇ ಕೂತು ಕಲಿಸುತ್ತೇವೆ. ಎಲ್ಲವನ್ನೂ ಮಕ್ಕಳ ಕೈಗೆ ಬಿಟ್ಟಿಲ್ಲ.

ಈಗ ಸೋಮವಾರ ಪ್ರತಿ ಮಗುವೂ ವಾರದಲ್ಲಿ ಏನು ಕಲಿಯುತ್ತೇನೆ ಎಂದು ಪಟ್ಟಿಯಲ್ಲಿ ಬರೆಯುತ್ತದೆ. ಶುಕ್ರವಾರ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ತಾನೇ ಗುರುತು ಹಾಕುತ್ತದೆ. ಆಗದ್ದಕ್ಕೆ ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ವಾರ ಸುಲಭದ್ದನ್ನೇ ಬರೆಯುತ್ತಾರೆ. ಈಗಾಗಲೇ ಇಬ್ಬರು ಹಾಗೆ ಮಾಡಿದ್ದಾರೆ! ಲೆಕ್ಕ ಬರದೆ ಕೂತಿದ್ದರೆ ಪೆನ್ಸಿಲ್ ಕಸಿದುಕೊಳ್ಳಬೇಡಿ. "ಎಲ್ಲಿವರೆಗೆ ಬಂತು?" ಎಂದು ಕೇಳಿ, ಸ್ವಲ್ಪ ಕಾಯಿರಿ. ಮೊಬೈಲ್‌ನಲ್ಲಿ ಉತ್ತರ ಹುಡುಕಿ ಕೊಡುವುದೂ ಬೇಡ.

ಇನ್ನೊಂದು ಸಹಾಯ ಬೇಕು. ಬೋರ್ಡಿನಲ್ಲಿ ಈಗ ಹೊಸ ಪ್ರಶ್ನೆ ಇದೆ: ಒಂದೇ ತೋಟದಲ್ಲಿ ಕೆಲವು ಮರಕ್ಕೆ ಮಾತ್ರ ಕೊಳೆ ರೋಗ ಯಾಕೆ ಬರುತ್ತದೆ? ಎರಡನೇ ಸಲದ ಮದ್ದು ಹೊಡೆದು ಮುಗಿಸಿದ ಕೊನೆಗೌಡರು (ಅಡಿಕೆ ಮರ ಹತ್ತಿ ಮದ್ದು ಹೊಡೆಯುವವರು, ಗೊನೆ ಇಳಿಸುವವರು) ಯಾರಾದರೂ ಶನಿವಾರ ಬೆಳಿಗ್ಗೆ ಬಂದರೆ ಮಕ್ಕಳು ಮಾತಾಡಿಸುತ್ತಾರೆ. ಪ್ರಶ್ನೆಗಳನ್ನು ಅವರೇ ಬರೆದಿಟ್ಟುಕೊಂಡಿದ್ದಾರೆ. ಹದಿನೇಳು ಇವೆ, ಚಹಾ ಕುಡಿದೇ ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ
ಹಿರಿಯ ಪ್ರಾಥಮಿಕ ಶಾಲೆ, ಶಿರಸಿ ತಾಲೂಕು